ದಾರಿ ತೆರೆಯುವ ಹೊತ್ತು

ಫ್ಲುರಿನ್‌ನ ಹೆಂಡತಿ ಉರ್ಸಿನಾ ಕಣ್ಣು ಮುಚ್ಚಿ ಮೂರು ತಾಸು ಕೂಡ ಆಗಿರಲಿಲ್ಲ, ಹೋಟೆಲಿನ ಯಜಮಾನ ಲೋರೆಂಜ್ ಟೋಪಿಯನ್ನು ಕೈಯಲ್ಲಿ ಹಿಡಿದು ಬಾಗಿಲಿಗೆ ಬಂದು ನಿಂತ. ಬೂಟಿನ ಹಿಮ ಕೊಡವಿ ಒಳಗೆ ಬಂದು, ಮಂಚದ ಕಡೆ ತಲೆ ಬಾಗಿಸಿದ.

"ಒಳ್ಳೆ ಹೆಂಗಸು, ಫ್ಲುರಿನ್. ಹದಿನೆಂಟು ವರ್ಷ ನಮ್ಮಲ್ಲಿ ಬಟ್ಟೆ ಒಗೆದ್ಲು. ಒಂದು ದಿನ ಗೊಣಗಿದವಳಲ್ಲ."

"ಗೊಣಗ್ತಿದ್ಲು. ಮನೆಗೆ ಬಂದು ಗೊಣಗ್ತಿದ್ಲು," ಎಂದ ಫ್ಲುರಿನ್.

ಲೋರೆಂಜ್ ಕೆಟ್ಟವನೇನಲ್ಲ. ನಾಳೆ ದಾರಿ ತೆರೆದ ಕೂಡಲೇ ಹೋಟೆಲಿನ ಹಿಮಗಾಡಿಯನ್ನೇ ಕಳಿಸುತ್ತೇನೆ, ಶವಪೆಟ್ಟಿಗೆಯನ್ನು ಕೆಳಗಿನ ಊರಿನ ಚರ್ಚಿಗೆ ಮುಟ್ಟಿಸುವ ಹೊಣೆ ನನ್ನದು ಎಂದ. ಅತಿಥಿಗಳು ಕಿಟಕಿಗೆ ಬಂದು ನೋಡದಿರಲಿ ಅಂತ ಕುದುರೆಗಳ ಗೆಜ್ಜೆ ಮಾತ್ರ ಬಿಚ್ಚಿಸಿರುತ್ತೇನೆ ಎಂದೂ ಸೇರಿಸಿದ.

"ಬೇಡ ಯಜಮಾನ್ರೇ. ಹಿಮ ಕರಗೋವರ್ಗೂ ಅವಳು ಅಟ್ಟದಲ್ಲಿರ್ಲಿ."

"ಹೆಣಾನ ಅಟ್ಟದ ಚಳೀಲಿ ಇಡೋದೆಲ್ಲ ದಾರಿ ಇಲ್ಲದ ಕಾಲಕ್ಕಾಯ್ತಪ್ಪ. ಈಗ ದಿನಾ ದಾರಿ ತೆರೀತೀವಲ್ಲ. ನೀನೇ ತೆರೀತೀಯಲ್ಲ. ಎದೆ ನೋವು, ಕೆಮ್ಮು ಅಂತ ಗಾಳಿಗೆ ಬಂದಿರೋ ಜನ ನಮ್ಮಲ್ಲಿದಾರೆ. ಪಕ್ಕದ ಅಟ್ಟದಲ್ಲಿ ಹೆಣ ಇದೆ ಅಂದ್ರೆ ಒಬ್ರಾದ್ರೂ ನಿಲ್ತಾರಾ? ಪಾದ್ರಿಗಳೂ ಒಪ್ಪಲ್ಲ. ದಾರಿ ಮುಚ್ಚಿದ್ರೆ ಬೇರೆ ಮಾತು. ದಾರಿ ಇದ್ಮೇಲೆ ಮಣ್ಣು ಮಾಡ್ಲೇಬೇಕು."

ವಾದ ಮಾಡುವಷ್ಟು ಶಕ್ತಿ ಫ್ಲುರಿನ್‌ನಲ್ಲಿ ಉಳಿದಿರಲಿಲ್ಲ. ಯಜಮಾನ ಹೋದ ಮೇಲೆ ಗೆಳೆಯ ಬಾಲ್ಸರ್‌ನನ್ನು ಕರೆದು, ಇಬ್ಬರೂ ಸೇರಿ ಉರ್ಸಿನಾಳನ್ನು ಅಟ್ಟಕ್ಕೆ ಸಾಗಿಸಿದರು. ಫ್ಲುರಿನ್‌ನ ಅಮ್ಮನೂ ಹೀಗೆಯೇ ಒಂದು ಡಿಸೆಂಬರಿನಲ್ಲಿ ಸತ್ತು, ಅದೇ ತೊಲೆಯ ಕೆಳಗೆ ಚಳಿಗಾಲ ಪೂರ್ತಿ ಮಲಗಿದ್ದಳು. ಅಪ್ಪ ಭಾನುವಾರಕ್ಕೊಮ್ಮೆ ಮುಕ್ಕಾಲಿ ಎತ್ತಿಕೊಂಡು ಮೇಲೆ ಹೋಗಿ, ಹಸು ಕರು ಹಾಕಿದ್ದು, ಒಲೆಯ ಕಲ್ಲು ಬಿರುಕು ಬಿಟ್ಟಿದ್ದು ಎಲ್ಲವನ್ನೂ ಅವಳಿಗೆ ಒಪ್ಪಿಸಿ ಬರುತ್ತಿದ್ದ. ಹಿಮ ಕರಗಿದ ಮೇಲೆ, ಈಸ್ಟರ್ ಕಳೆದ ಸೋಮವಾರ, ಬೆಳಗ್ಗೆ ಹತ್ತಕ್ಕೆ, ಅವಳನ್ನು ಕೆಳಗೆ ಒಯ್ದರು. ಅಷ್ಟರಲ್ಲಿ ಅಪ್ಪನಿಗೆ ಹೇಳುವುದೆಲ್ಲ ಹೇಳಿ ಮುಗಿದಿತ್ತು.

ಫ್ಲುರಿನ್‌ಗೆ ಇನ್ನೂ ಶುರುವೇ ಆಗಿರಲಿಲ್ಲ. ಬೇಸಿಗೆಯೆಂದರೆ ಅವನಿಗೆ ಅತಿಥಿಗಳ ಪೆಟ್ಟಿಗೆ ಹೊರುವುದು, ಅವಳಿಗೆ ಅವರ ಹಾಸಿಗೆಯ ಬಟ್ಟೆ ಒಗೆಯುವುದು. ಮನೆಗೆ ಬರುವುದು ಬರೀ ನಿದ್ದೆಗೆ. ಆದರೆ ಚಳಿಗಾಲ ಅವರದಾಗಿತ್ತು. ಒಲೆಯ ಮುಂದೆ ಅವನು ಮರದ ಸೌಟು ಕೆತ್ತುತ್ತಿದ್ದ, ಅವಳು ಉಣ್ಣೆ ನೂಲುತ್ತಿದ್ದಳು, ಇಬ್ಬರೂ ನಿಧಾನವಾಗಿ ಜಗಳ ಆಡುತ್ತಿದ್ದರು. ಮೂರು ವರ್ಷದ ಕೆಳಗೆ ಲೋರೆಂಜ್‌ಗೆ ಚಳಿಗಾಲವನ್ನೂ ಮಾರಬಹುದು ಎಂದು ಹೊಳೆಯಿತು. ಕಿಟಕಿಗಳಿಗೆ ಎರಡೆರಡು ಗಾಜು ಬಂತು, ಅಂತಸ್ತಿಗೊಂದು ಒಲೆ ಬಂತು, ಮಂಜುಗಡ್ಡೆಯ ಮೇಲೆ ಜಾರಿ ಬೀಳಲು ಲಂಡನ್ನಿನಿಂದ ಜನ ಬಂದರು. ಅಲ್ಲಿಂದ ಉರ್ಸಿನಾ ಚಳಿಗಾಲದಲ್ಲೂ ಬಟ್ಟೆ ಬೇಯಿಸುವ ಕೋಣೆಯ ಪಾಲಾದಳು, ಫ್ಲುರಿನ್ ಏಳು ಜನರನ್ನು ಕಟ್ಟಿಕೊಂಡು ಹಿಮ ಎತ್ತುತ್ತ ದಾರಿಯ ಪಾಲಾದ. "ಜಗಳ ಆಡಕ್ಕೂ ಪುರುಸೊತ್ತಿಲ್ಲದ ಬಾಳಾಯ್ತಲ್ಲೋ," ಎನ್ನುತ್ತಿದ್ದಳು ಅವಳು. ಅವನಿಗೆ ಈಗ ಬೇಕಾಗಿದ್ದುದು ಅವಳ ಜೊತೆ ಒಂದೇ ಒಂದು ಚಳಿಗಾಲ.

ಹಿಮ ಎತ್ತುವುದರಲ್ಲಿ ಫ್ಲುರಿನ್‌ನದು ಪಳಗಿದ ಕೈ. ಸಲಿಕೆಯ ಹಿಡಿಯನ್ನು ತಲೆಕೆಳಗಾಗಿ ಹಿಮಕ್ಕೆ ಚುಚ್ಚಿ, ಎಷ್ಟು ಇಳಿಯಿತೆಂದು ನೋಡಿ, ದಾರಿ ಎಷ್ಟು ಹೊತ್ತಿಗೆ ತೆರೆಯುತ್ತದೆಂದು ಹೇಳಿಬಿಡುತ್ತಿದ್ದ. ಲೋರೆಂಜ್ ಅದನ್ನು ಹೋಟೆಲಿನ ಹಜಾರದ ಕಪ್ಪು ಹಲಗೆಯ ಮೇಲೆ ಬರೆಯುತ್ತಿದ್ದ. ಅತಿಥಿಗಳು ಅದನ್ನು ನೋಡಿಕೊಂಡೇ ಊಟಕ್ಕೆ ಕೂರುತ್ತಿದ್ದರು. ಮೂರು ವರ್ಷದಲ್ಲಿ ಆ ಲೆಕ್ಕ ಒಂದು ಸಲವೂ ತಪ್ಪಿರಲಿಲ್ಲ.

ಮರುದಿನ ಬೆಳಗಿನವರೆಗೂ ಹಿಮ ಸುರಿಯಿತು. ಫ್ಲುರಿನ್ ಎಂದಿನಂತೆ ಸಲಿಕೆ ಹೊತ್ತು ಬಂದ. ಮೂರು ದಿನದಿಂದ ನಿದ್ದೆಯಿಲ್ಲ. ತೋಳುಗಳು ಬೇರೆ ಯಾರವೋ ಅನ್ನಿಸುತ್ತಿದ್ದವು.

"ಇವತ್ತೊಂದು ದಿನ ಮನೇಲಿರಬಾರ್ದೇನೋ?" ಎಂದ ಬಾಲ್ಸರ್.

"ನಾನಿಲ್ದಿದ್ರೆ ನೀವು ಬೇಗ ಮುಗಿಸಿಬಿಡ್ತೀರಿ."

ಬಾಲ್ಸರ್ ಅವನ ಮುಖವನ್ನೊಮ್ಮೆ ನೋಡಿ ತನ್ನ ಸಲಿಕೆ ಎತ್ತಿಕೊಂಡ. ಅಷ್ಟರಲ್ಲಿ ಲೋರೆಂಜ್ ಹೋಟೆಲಿನ ಮೆಟ್ಟಿಲಿಳಿದು ಬಂದ. ಬೆರಳ ತುದಿಯಲ್ಲಿ ಸೀಮೆಸುಣ್ಣ ಇತ್ತು.

"ಎಷ್ಟು ಹೊತ್ತಿಗೆ ಅಂತ ಬರೀಲಿ, ಫ್ಲುರಿನ್? ಕೆಳಗಿನ ಊರಲ್ಲಿ ಹನ್ನೆರಡು ಜನ ಹೊಸಬರು ಕಾಯ್ತಿದಾರೆ. ಅವರು ಮೇಲೆ ಬರೋಕೆ ಮುಂಚೆ ನಿನ್ನ ಹೆಂಡ್ತೀನ ಇಳಿಸಿಬಿಡೋಣ."

ಫ್ಲುರಿನ್ ಸಲಿಕೆಯನ್ನು ತಿರುಗಿಸಿ ಹಿಡಿಯನ್ನು ಹಿಮಕ್ಕೆ ಚುಚ್ಚಿದ. ಅರ್ಧ ಹಿಡಿಯೂ ಇಳಿಯಲಿಲ್ಲ. ಎಂಟು ಜನಕ್ಕೆ ಮಧ್ಯಾಹ್ನದೊಳಗೆ ಮುಗಿಯುವ ಕೆಲಸ. ಸುತ್ತ ನಿಂತ ಏಳು ಜನಕ್ಕೂ ಕಣ್ಣಳತೆಯಲ್ಲೇ ಗೊತ್ತಾಯಿತು. ಅವನು ತಲೆಯೆತ್ತಿ ತನ್ನ ಮನೆಯ ಅಟ್ಟದ ಪುಟ್ಟ ಕಿಟಕಿಯನ್ನು ನೋಡಿದ. ಮುಕ್ಕಾಲಿಯನ್ನು ಬೆಳಗ್ಗೆಯೇ ಮೇಲಿಟ್ಟು ಬಂದಿದ್ದ.

"ಈಸ್ಟರ್ ಕಳೆದ ಸೋಮವಾರ," ಎಂದ. "ಬೆಳಗ್ಗೆ ಹತ್ತಕ್ಕೆ."

ಲೋರೆಂಜ್ ಸೀಮೆಸುಣ್ಣ ಹಿಡಿದ ಕೈಯನ್ನು ಹಾಗೇ ಇಟ್ಟುಕೊಂಡು ಬಾಲ್ಸರ್ ಕಡೆ ತಿರುಗಿದ. ಬಾಲ್ಸರ್ ತನ್ನ ಸಲಿಕೆಯನ್ನೂ ತಿರುಗಿಸಿ ಹಿಮಕ್ಕೆ ಚುಚ್ಚಿದ, ಬಗ್ಗಿ ನೋಡಿದ, ಆಮೇಲೆ ಅದನ್ನು ಕಿತ್ತು ಹೆಗಲಿಗೇರಿಸಿದ.

"ಬರ್ಕೊಳ್ಳಿ ಯಜಮಾನ್ರೇ. ಅವನ ಲೆಕ್ಕ ಯಾವತ್ತೂ ತಪ್ಪಿಲ್ಲ."