ಒಂದು ನಿಮಿಷದ ಮೌನ

ಪರದೆಯ ಮೇಲೆ ಅತ್ತೆ ಸೊಸೆಯ ಜುಟ್ಟು ಹಿಡಿದು ಅಂಗಳಕ್ಕೆ ಎಳೆದು ತಂದಾಗ ವಿದ್ಯಾನಗರದ ಸಭಾಂಗಣದಲ್ಲಿದ್ದ ಇನ್ನೂರು ಜನ ಒಟ್ಟಿಗೆ ನಿಟ್ಟುಸಿರಿಟ್ಟರು. ಮೂರನೇ ಸಾಲಿನಲ್ಲಿದ್ದ ಜಲಜಮ್ಮ ಮಾತ್ರ ಮೂಗು ಮುರಿದರು.

“ನಿಮಗೆ ಅಳು ಬರ್ತಿಲ್ವಾ ಅಜ್ಜಿ?” ತಮ್ಮನ ಮೊಮ್ಮಗಳು ಪೂಜಿತಾ ಕಣ್ಣೊರೆಸಿಕೊಳ್ಳುತ್ತ ಕೇಳಿದಳು. ಶಂಕರಘಟ್ಟದಲ್ಲಿ ಎಂ.ಎ. ಓದುತ್ತಿದ್ದ ಅವಳಿಗೆ ಈ ಚಿತ್ರದ ಮೂಲ ಕಾದಂಬರಿ ಪಠ್ಯ. ನಲವತ್ತೈದು ವರ್ಷದ ಹಿಂದೆ ಅದನ್ನು ಆಧರಿಸಿ ತೆಗೆದ ಕಪ್ಪು ಬಿಳುಪು ಚಿತ್ರ ತೋರಿಸುತ್ತಾರೆ, ಕಾದಂಬರಿಕಾರ ಗೋವಿಂದಯ್ಯನವರೇ ಬರುತ್ತಾರೆ ಎಂದು ಅಜ್ಜಿಯನ್ನು ಭದ್ರಾವತಿಯಿಂದ ಹೊರಡಿಸಿಕೊಂಡು ಬಂದಿದ್ದಳು.

“ಈರುಳ್ಳಿ ಹೆಚ್ಚಿದ್ರೂ ಅಳು ಬರುತ್ತೆ ಕಣೆ. ಅದಕ್ಕೆ ಇಷ್ಟು ದೂರ ಬರ್ಬೇಕಿತ್ತಾ?”

ಆ ಸೊಸೆ ಜಲಜಮ್ಮನೇ ಎಂಬುದು ಹುಡುಗಿಗೆ ಗೊತ್ತಿರಲಿಲ್ಲ. ಹೊಳೆಹೊನ್ನೂರಿನ ಹತ್ತಿರದ ಹಳ್ಳಿಯಲ್ಲಿ ಮೇಷ್ಟ್ರಾಗಿದ್ದ ಗೋವಿಂದಯ್ಯ ಮೂರು ವರ್ಷ ಅವರ ಮನೆಯ ಜಗಲಿಕೋಣೆಯಲ್ಲಿದ್ದು, ಅತ್ತೆ ಹುಚ್ಚಮ್ಮನ ಕೈಯ ಅನ್ನ ಉಂಡವರು. ಇಪ್ಪತ್ತಕ್ಕೇ ಗಂಡ ಸತ್ತ ಸೊಸೆಯನ್ನು ಹುಚ್ಚಮ್ಮ ಬೇಸಿಗೆಯ ಮೊಣಕಾಲುದ್ದದ ಹೊಳೆಯಲ್ಲಿ ಕೈಹಿಡಿದು ದಾಟಿಸಿ, ತನ್ನ ಮೂಗುತಿ ಬಿಚ್ಚಿ ಅಂಗೈಗಿಟ್ಟು, ದಾದಿ ತರಬೇತಿಗೆಂದು ಬಸ್ಸು ಹತ್ತಿಸಿದ್ದಳು. ಅದನ್ನೂ ಮೇಷ್ಟ್ರು ದಂಡೆಯಲ್ಲಿ ನಿಂತು ಕಣ್ಣಾರೆ ಕಂಡಿದ್ದರು. ಕಾದಂಬರಿಯಲ್ಲಿ ಸೊಸೆ ಅತ್ತೆಯ ಕಾಟ ತಾಳದೆ ಹೊಳೆಗೆ ಬಿದ್ದು ಸತ್ತಳು. ಹೆಸರುಗಳನ್ನು ಬದಲಾಯಿಸಿದ್ದ ಗೋವಿಂದಯ್ಯ ಹುಚ್ಚಮ್ಮನ ಕುಂಟು ಕಾಲನ್ನೂ ಗಲ್ಲದ ಮಚ್ಚೆಯನ್ನೂ ಇದ್ದ ಹಾಗೇ ಬಿಟ್ಟಿದ್ದರು. ಸಿನಿಮಾ ಟೆಂಟಿಗೆ ಬಂದ ಮೇಲೆ, ಸೊಸೆ ತಿಂಗಳಿಗೊಮ್ಮೆ ಬಂದು ಹೋಗುತ್ತಿದ್ದರೂ, ಸಂತೆಯಲ್ಲಿ ಜನ ಹುಚ್ಚಮ್ಮನತ್ತ ಬೆರಳು ತೋರಿಸತೊಡಗಿದರು. ಕೊನೆಯ ಏಳು ವರ್ಷ ಆಕೆ ಸಂತೆಗೇ ಹೋಗಲಿಲ್ಲ.

ಮಧ್ಯಂತರದಲ್ಲಿ ಪೂಜಿತಾ ಕಾಫಿ ತರಲು ಎದ್ದಾಗ ಜಲಜಮ್ಮ ನೇರ ಮುಂದಿನ ಸಾಲಿಗೆ ಹೋದರು. ಶಾಲು ಹೊದ್ದು ಕೂತಿದ್ದ ಗೋವಿಂದಯ್ಯ ಕನ್ನಡಕ ಸರಿಪಡಿಸಿಕೊಂಡರು.

“ಮೇಷ್ಟ್ರೇ, ನಾನು ಜಲಜ. ಹುಚ್ಚಮ್ಮನ ಸೊಸೆ.”

ಮುದುಕರ ಮುಖ ಒಂದು ಕ್ಷಣ ಬಿಳಿಚಿಕೊಂಡು ಮತ್ತೆ ಅರಳಿತು. “ಓಹೋ, ಚೆನ್ನಾಗಿದೀಯೇನಮ್ಮ?”

“ಆಸ್ಪತ್ರೇಲಿ ಮೂವತ್ತು ವರ್ಷ ದುಡಿದು ರಿಟೈರಾದೆ. ನನಗೇನೂ ಬೇಡ. ಇವತ್ತು ಮೈಕಿನಲ್ಲಿ ಒಂದು ಮಾತು ಹೇಳಿಬಿಡಿ, ನಮ್ಮತ್ತೆ ಹಂಗಿರ್ಲಿಲ್ಲ ಅಂತ.”

“ಹೇಳ್ತೀನಮ್ಮ. ಅಷ್ಟೂ ಹೇಳ್ದೆ ಇರ್ತೀನಾ?”

ಚಿತ್ರ ಮುಗಿಯಿತು. ಬೆಳದಿಂಗಳ ಹೊಳೆಯಲ್ಲಿ ನಾಯಕಿಯ ಬಿಳಿ ಸೆರಗು ತೇಲಿಹೋದಾಗ ಗಂಡಸರೂ ಕರ್ಚೀಫು ತೆಗೆದರು. ಚಿತ್ರಸಮಾಜದ ಅಧ್ಯಕ್ಷ ಷಡಕ್ಷರಪ್ಪ ಗದ್ಗದರಾಗಿ ಮೈಕು ಹಿಡಿದರು. “ಈಗಿನ ಬಣ್ಣದ ಸಿನಿಮಾಗಳಲ್ಲಿ ಇಂಥ ಸತ್ಯ ಎಲ್ಲಿದೆ ಹೇಳಿ? ಸಾರ್, ಇದು ನಿಜವಾಗಿ ನಡೆದ ಘಟನೆಯಂತೆ, ಹೌದಾ?”

ಗೋವಿಂದಯ್ಯ ಎದ್ದು ವೇದಿಕೆ ಹತ್ತಿದರು. ಚಪ್ಪಾಳೆ ನಿಲ್ಲುವವರೆಗೂ ಕಾದರು. ಒದ್ದೆ ಕಣ್ಣಿನ ಇನ್ನೂರು ಮುಖಗಳು ಅವರನ್ನೇ ನೋಡುತ್ತಿದ್ದವು.

“ಹೌದು,” ಎಂದರು ಗೋವಿಂದಯ್ಯ. ಅವರ ದನಿಯೂ ನಡುಗಿತು. “ಆ ಹೆಣ್ಣುಮಗಳನ್ನ ನಾನು ಕಂಡಿದ್ದೆ. ಹೊಳೆಯಿಂದ ಹೆಣ ಎತ್ತಿದವರಲ್ಲಿ ನಾನೂ ಒಬ್ಬ.”

ಜಲಜಮ್ಮ ತಮ್ಮ ಕೈಗಳನ್ನೊಮ್ಮೆ ನೋಡಿಕೊಂಡರು. ಎಷ್ಟೋ ಹೆಣಗಳನ್ನು ತೊಳೆದು ಬಟ್ಟೆ ಸುತ್ತಿದ ಕೈಗಳು. ಈ ಮನುಷ್ಯ ಅಂದು ಹೊಳೆದಂಡೆಯಲ್ಲಿ ಚಪ್ಪಲಿಯನ್ನೂ ಒದ್ದೆ ಮಾಡಿಕೊಂಡಿರಲಿಲ್ಲ.

“ಆ ತಾಯಿಯ ಆತ್ಮಶಾಂತಿಗಾಗಿ ಎಲ್ಲರೂ ಎದ್ದು ಒಂದು ನಿಮಿಷ ಮೌನ ಆಚರಿಸೋಣ,” ಎಂದರು ಷಡಕ್ಷರಪ್ಪ.

ಕುರ್ಚಿಗಳು ಕಿರುಗುಟ್ಟಿದವು. ಎಲ್ಲರೂ ಎದ್ದರು, ಪೂಜಿತಾ ಕೂಡ. ಹಿಂದಿನ ಸಾಲಿನಿಂದ ಒಬ್ಬಾಕೆ ಜಲಜಮ್ಮನ ಭುಜ ತಟ್ಟಿದಳು. “ಏಳಿ ಅಜ್ಜಿ. ಸತ್ತವರಿಗೆ ಮರ್ಯಾದೆ ಕೊಡ್ಬೇಕು.”

“ಅವಳ ಅತ್ತೇಗೆ ಅಂತ ಹೇಳ್ಲಿ, ಏಳ್ತೀನಿ.”

“ಆ ರಾಕ್ಷಸಿಗಾ?” ಆಕೆ ಅಸಹ್ಯದಿಂದ ಕೈ ಹಿಂದಕ್ಕೆ ಎಳೆದುಕೊಂಡಳು.

ಇಡೀ ಸಭಾಂಗಣದಲ್ಲಿ ಕೂತಿದ್ದವರು ಜಲಜಮ್ಮ ಒಬ್ಬರೇ. ವೇದಿಕೆಯ ಮೇಲೆ ತಲೆ ತಗ್ಗಿಸಿ ನಿಂತಿದ್ದ ಗೋವಿಂದಯ್ಯ ಕಣ್ಣು ತೆರೆದು ಒಮ್ಮೆ ಅತ್ತ ನೋಡಿ, ತಟ್ಟನೆ ಮತ್ತೆ ಮುಚ್ಚಿಕೊಂಡರು. ನಿಮಿಷ ಇನ್ನೂ ಮುಗಿದಿರಲಿಲ್ಲ.