ಉಳಿದ ಒಂದು ಖಾನೆ

“ಸಂಘದಾಗ ನಿಮ್ಮ ಜೋಡಿ ಇದ್ದವರದು ಒಂದಾದ್ರೂ ಹೆಸರು ಹೇಳ್ರಿ ಅಜ್ಜಾ,” ಎಂದು ಪಿಂಕಿ ಹೊಸ ಕಂಪ್ಯೂಟರಿನ ಕೀಲಿಗಳ ಮೇಲೆ ಬೆರಳಿಟ್ಟು ಕಾದಳು. ಹೋರಾಟಗಾರರ ಪ್ರಮಾಣಪತ್ರದ ಅರ್ಜಿಯಲ್ಲಿ ಆ ಖಾನೆಯೊಂದೇ ಉಳಿದಿತ್ತು. ಬೇಗಂಪೇಟೆಯ ಕಚೇರಿಗೆ ಅದನ್ನು ಮುಟ್ಟಿಸಲು ಇವತ್ತೇ ಕಡೆಯ ದಿನ.

ಅಜ್ಜ ವೈಜನಾಥರು ಉಗುರಿಲ್ಲದ ಹೆಬ್ಬೆರಳನ್ನು ಸವರಿಕೊಂಡರು. ನಿಜಾಮರ ಕಾಲದಲ್ಲಿ, ಗುಪ್ತ ಸಂಘದ ಚೀಟಿಗಳನ್ನು ಊರೂರಿಗೆ ಒಯ್ಯುವವರು ಯಾರೆಂದು ಪೊಲೀಸರು ಹನ್ನೊಂದು ದಿನ ಕೇಳಿದ್ದರು. ಸಂಗಾತಿಗಳ ಹೆಸರು ಎತ್ತುವುದಿಲ್ಲವೆಂದು ಆಣೆ ಮಾಡಿದ್ದ ಅವರು ಎತ್ತಿರಲಿಲ್ಲ.

“ಪೊಲೀಸರಿಗೇ ಹೇಳಲಿಲ್ಲ, ನಿನಗ ಹೇಳ್ತಾರೇನ?” ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅಜ್ಜಿ ನಕ್ಕರು.

“ನಿಮ್ಮ ಹೆಸರು ಸೈತ ಹಿಡಿದು ಕರೆಯಂಗಿಲ್ಲ ಬಿಡ್ರಿ ಆಯಿ. ಐವತ್ತು ವರ್ಷದಿಂದ ಬರೀ ‘ಏ, ಕೇಳಿದೇನು’ ಅಂತಾರ!” ಎಂದಳು ಪಿಂಕಿ.

“ಅದು ನಮ್ಮ ಮಂದಿ ರೂಢಿ ಐತಿ, ಹುಚ್ಚಿ.”

“ರೂಢಿ ಅಲ್ಲ,” ಎಂದರು ಅಜ್ಜ. “ಆಣಿ.”

ಪಿಂಕಿ ತಿರುಗಿ ನೋಡಿದಳು. ಅಜ್ಜ ಹೊಸದಾಗಿ ಅಕ್ಷರ ಕೂಡಿಸಿ ಓದುವವರಂತೆ ನಿಧಾನವಾಗಿ ಹೇಳಿದರು: “ಬರಿ. ಶಾರದಾಬಾಯಿ.”

ರೊಟ್ಟಿಯ ಸಪ್ಪಳ ನಿಂತಿತು. ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದ ಅಜ್ಜಿ, “ಓ,” ಎಂದು ಓಗೊಟ್ಟರು.