ಗಾಳಿ ಬಿಡುವ ನಟ್ಟು

"ಒತ್ತು ಅಂದಾಗ ಒತ್ತು, ಬಿಡು ಅನ್ನೋವರೆಗೂ ಬಿಡಬೇಡ. ಅಷ್ಟೂ ಗೊತ್ತಾಗಲ್ವಾ?" ಬೈಕಿನ ಮುಂಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತಿದ್ದ ಅಪ್ಪ ಮತ್ತೆ ಗದರಿದ. ಮಗಳು ಬ್ರೇಕ್ ಲಿವರ್ ಒತ್ತಿದಳು. ಅದು ಒದ್ದೆ ಸ್ಪಂಜಿನಂತೆ ಹಿಡಿಕೆಯವರೆಗೂ ಕುಸಿಯಿತು. ಎರಡು ಗಂಟೆಗೆ ಅವಳಿಗೆ ಆಸ್ಪತ್ರೆಯಲ್ಲಿ ಡ್ಯೂಟಿ. ಬೈಕಿಲ್ಲದೆ ಈ ವಾರ ಮೂರು ಸಲ ತಡವಾಗಿ ಹೋಗಿ, ಹಿರಿಯ ನರ್ಸಿನಿಂದ ಬೈಸಿಕೊಂಡಿದ್ದಳು.

ಗ್ಯಾರೇಜಿನವನು ಕೆಡಿಸುತ್ತಾನೆಂದು ಚಕ್ರದ ಎರಡೂ ಬದಿಯಲ್ಲಿ ಡಿಸ್ಕನ್ನು ಕಚ್ಚಿ ಹಿಡಿಯುವ ಕ್ಯಾಲಿಪರುಗಳನ್ನು ಅಪ್ಪನೇ ಬಿಚ್ಚಿದ್ದ. ಅವುಗಳೊಳಗಿನ ಪಿಸ್ಟನ್ನುಗಳ ತುಕ್ಕು ಉಜ್ಜಿ, ಹೊಸ ರಬ್ಬರ್ ರಿಂಗು ಕೂರಿಸುವಷ್ಟರಲ್ಲಿ ಎಂಟು ದಿನ ಹೋಗಿತ್ತು. ಈಗ ಬ್ರೇಕ್ ಆಯಿಲ್ ತುಂಬಿದ್ದಾಯಿತು, ಒಳಗಿನ ಗಾಳಿ ಮಾತ್ರ ಹೊರಬರಲೊಲ್ಲದು; ಅದು ಹೋಗದೆ ಬ್ರೇಕ್ ಹಿಡಿಯದು.

"ನಿನ್ನ ಕೈಯಲ್ಲಿ ಜೀವಾನೇ ಇಲ್ಲ!"

"ಇದೇ ಕೈಯಲ್ಲಿ ದಿನಾ ರೋಗಿಗಳನ್ನ ಎತ್ತಿ ಕೂರಿಸ್ತೀನಪ್ಪಾ," ಎಂದು ಮಗಳು ಲಿವರ್ ಬಿಟ್ಟು, ಪಕ್ಕದಲ್ಲಿ ಬಂದು ಕೂತಳು. ಕ್ಯಾಲಿಪರನ್ನೇ ದಿಟ್ಟಿಸಿದಳು. "ಇಂಜೆಕ್ಷನ್ ಕೊಡೋ ಮುಂಚೆ ನಾವು ಸೂಜಿ ಮೇಲೆ ಮಾಡಿ ಹಿಡೀತೀವಿ. ಗಾಳಿ ಮೇಲಕ್ಕೆ ತಾನೇ ಹೋಗೋದು? ಇಲ್ಲಿ ಗಾಳಿ ಬಿಡೋ ನಟ್ಟು ಕೆಳಗಿದೆಯಲ್ಲ?"

ಅಪ್ಪ ಬಗ್ಗಿ ನೋಡಿದ. ಆಚೆ ಬದಿಯದ್ದೂ ಕೆಳಗೇ ಇತ್ತು. ಎಡದ ಕ್ಯಾಲಿಪರನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಕೂರಿಸಿದ್ದ. ಕಿವಿ ಬಿಸಿಯಾಯಿತು. ಎರಡನ್ನೂ ಬಿಚ್ಚಿ ಅದಲುಬದಲು ಮಾಡಿದ. ನಟ್ಟುಗಳು ಮೇಲೆ ಬಂದವು. ಆಮೇಲೆ ನಟ್ಟು ಸಡಿಲಿಸುವ ಸ್ಪ್ಯಾನರನ್ನು ಬಟ್ಟೆಯಲ್ಲಿ ಒರೆಸಿ ಅವಳ ಕೈಗಿಟ್ಟು, ತಾನೇ ಎದ್ದು ಹೋಗಿ ಲಿವರ್ ಹಿಡಿದು ನಿಂತ.

"ಹೇಳಮ್ಮ, ಯಾವಾಗ ಒತ್ತಲಿ?"